ಅತ್ತೆಯ ಸೆರಗಿನ ಮೇಲೊಂದು ಭೂತಗನ್ನಡಿ

ಜಗತ್ತಿನಲ್ಲಿ ಎಷ್ಟೋ ನಮೂನೆಯ ಭೂತಗನ್ನಡಿಗಳಿರಬಹುದು. ಆದರೆ ಅವುಗಳಲ್ಲಿ ಒಂದನ್ನೂ ನಮ್ಮ ಸೋದರತ್ತೆಯ ತಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮಾಡುವವರ ಲೆಕ್ಕದಲ್ಲಿ ತಲೆ ಎಂದರೆ ಬರೀ ತಲೆ. ಅತ್ತೆಯದು ಹಾಗಲ್ಲವಲ್ಲ! ನೆತ್ತಿಯ ಮೇಲೆ ಸೆರಗು, ಹಣೆಯ ತುಂಬ ವಿಭೂತಿ, ಅದರ ಕೆಳಗೆ ಕುಂಕುಮ, ಮೂಗಿನ ಮೇಲೆ ದಪ್ಪ ಕನ್ನಡಕ. ಮೊದಲೇ ಇಷ್ಟು ಗದ್ದಲವಿರುವ ಜಾಗದಲ್ಲಿ ಇನ್ನೊಂದು ಸಾಮಾನನ್ನು ಎಲ್ಲಿ ಕೂರಿಸುವುದು? ಅರವತ್ತು ದಾಟಿದ ಹೆಂಗಸಿಗೆ ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ.

ಅತ್ತೆಯ ಮನೆ ಇರುವುದು ಇಂಡಿ ಕಡೆಯ ತಾಂಬಾ ಎಂಬ ಊರಿನಲ್ಲಿ. ಆ ಓಣಿಯ ಹೆಂಗಸರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಒಬ್ಬರಿಗೆ ಕೌದಿ ಹೊಲಿಯುವುದು, ಇನ್ನೊಬ್ಬರಿಗೆ ಶ್ಯಾವಿಗೆ ಮಾಡುವುದು. ಅತ್ತೆಗೆ ಎಲೆಕ್ಟ್ರಾನಿಕ್ಸ್! ಒಂದು ದಿನ ಮಿಕ್ಸರ್ ಕೆಟ್ಟಿತೆಂದು ತಾನೇ ಬಿಚ್ಚಿ ಕೂತಳು. ಆ ಮಿಕ್ಸರ್ ಮುಂದೆ ಯಾವತ್ತೂ ಚಟ್ನಿ ರುಬ್ಬಲಿಲ್ಲ, ಆದರೆ ಅತ್ತೆಗೆ ಅದರ ಹೊಟ್ಟೆಯೊಳಗಿನದರ ರುಚಿ ಹತ್ತಿತು. ಆಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಬೆಸುಗೆ ಹಾಕುವುದನ್ನು ಕಲಿತಳು. ಈಗ ಆ ಮನೆಯಲ್ಲಿ ನೀರಿನ ಟಾಕಿ ತುಂಬಿದರೆ ಪೀಪಿ ಕೂಗುತ್ತದೆ, ಹಾಲು ಉಕ್ಕುವ ಮೊದಲು ಪೀಪಿ ಕೂಗುತ್ತದೆ, ಎಮ್ಮೆ ಹಗ್ಗ ಬಿಚ್ಚಿಕೊಂಡರೂ ಪೀಪಿ ಕೂಗುತ್ತದೆ. ಎಲ್ಲದರ ದನಿಯೂ ಒಂದೇ. ಒಮ್ಮೆ ನಾನು ಕೂಗು ಕೇಳಿ ಕೊಟ್ಟಿಗೆಗೆ ಓಡಿದರೆ ಎಮ್ಮೆ ಮೆಲುಕು ಹಾಕುತ್ತ ನನ್ನನ್ನೇ ನೋಡಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನೆಲಕ್ಕಿಳಿದಿತ್ತು.

ಈ ಮನೆಯಲ್ಲಿ ಮೊದಲು ಎಲ್ಲಕ್ಕಿಂತ ದೊಡ್ಡ ದನಿ ಇದ್ದದ್ದು ಮಾಮಾ ಅವರದು, ಅಂದರೆ ಅತ್ತೆಯ ಗಂಡನದು. ಇಂಡಿಯಲ್ಲಿ ಲಿಂಬೆಯ ಲಿಲಾವು, ಅಂದರೆ ಹರಾಜು, ನಡೆಯುವಾಗ ಮಾಮಾ ಬಾಯಿ ತೆರೆದರೆ ಉಳಿದವರು ಸುಮ್ಮನಾಗುತ್ತಿದ್ದರು. ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ನಾವು ಆಡಿದ್ದೆಲ್ಲ ತಿಳಿಯುತ್ತದೆ, ತಿರುಗಿ ಹೇಳಲು ಆಗುವುದಿಲ್ಲ. ಅಂಥ ಮನುಷ್ಯ ನೀರು ಬೇಕೆಂದು ಹೇಳಲಾಗದೆ ಗೋಡೆ ನೋಡುತ್ತ ಕೂತದ್ದನ್ನು ಕಂಡು ನನಗೆ ಆ ಮನೆಗೆ ಹೋಗುವುದೇ ಬೇಡವೆನಿಸಿತ್ತು. ಅತ್ತೆಗೆ ಮಾತ್ರ ಇದು ಬೆಸುಗೆಯ ಕೆಲಸ ಎನಿಸಿತು.

ಗುಂಡಿ ಒತ್ತಿದರೆ ಮಾತಾಡುವ ಪೆಟ್ಟಿಗೆಯೊಂದನ್ನು ಆಕೆ ಮಾಡಿದಳು. ಟಿಫಿನ್ ಡಬ್ಬಿಯಷ್ಟಿತ್ತು. ಮಾಮಾ ಅದನ್ನು ಎಡಗೈಯಿಂದ ಎತ್ತಿ ಕಿಟಕಿಯಲ್ಲಿಟ್ಟು, ಮುಖ ತಿರುಗಿಸಿ ಕೂತರು. ಆಮೇಲೆ ಸಾಬೂನಿನ ಡಬ್ಬಿಯಷ್ಟನ್ನು ಮಾಡಿದಳು. ಅದೂ ಕಿಟಕಿಗೆ ಹೋಯಿತು. ಮಂದಿಯ ಮುಂದೆ ಕೊರಳಲ್ಲಿ ಡಬ್ಬಿ ಕಟ್ಟಿಕೊಳ್ಳಲು ಅವರಿಗೆ ನಾಚಿಕೆ ಎಂದು ಅತ್ತೆ ತೀರ್ಮಾನಿಸಿದಳು. ಆಕೆಯ ಪ್ರಕಾರ ಮಾತಿನ ಪೆಟ್ಟಿಗೆ ಕೊರಳಲ್ಲಿ ಕಟ್ಟಿಕೊಳ್ಳುವ ಲಿಂಗದ ಕರಡಿಗೆಗಿಂತ ದೊಡ್ಡದಿರಬಾರದು. ಎದೆಯ ಮೇಲೆ ಕರಡಿಗೆಯ ಪಕ್ಕ ಇದ್ದುಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಚಾರವೇನೋ ಚೆನ್ನಾಗಿತ್ತು. ಆದರೆ ಅಷ್ಟು ಚಿಕ್ಕ ಪೆಟ್ಟಿಗೆಯೊಳಗೆ ಹಾಕುವ ಬಿಡಿಭಾಗಗಳು ಎಳ್ಳಿನಷ್ಟಿದ್ದವು. ಅತ್ತೆಗೆ ಒಂದಿದ್ದಲ್ಲಿ ಎರಡು ಕಾಣುತ್ತಿದ್ದವು, ಎರಡಿದ್ದಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್, ಇನ್ನೊಂದರಲ್ಲಿ ಚಿಮಟಿಗೆ. ಭೂತಗನ್ನಡಿ ಹಿಡಿಯಲು ಮೂರನೆಯ ಕೈಯನ್ನು ಎಲ್ಲಿಂದ ತರಬೇಕು? ಹೀಗಾಗಿ ತಲೆಗೇ ಕಟ್ಟಿಕೊಳ್ಳುವುದು ಬೇಕಾಯಿತು. ನಾನು ಸಿಂದಗಿಯಲ್ಲಿರುವವಳು ಮತ್ತು ಸ್ಕೂಟಿ ಉಳ್ಳವಳು. ಈ ಎರಡನೆಯ ಅರ್ಹತೆಯ ಮೇಲೆ ಹುಡುಕಾಟಕ್ಕೆ ನನ್ನ ನೇಮಕವಾಯಿತು.

ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಮೊದಲು ಹೋದದ್ದು ಸಿಂದಗಿಯ ಗಡಿಯಾರ ರಿಪೇರಿ ಅಂಗಡಿಗೆ. ಅವರು ಕಣ್ಣಿನ ಗೂಡಿಗೆ ಸಿಕ್ಕಿಸಿಕೊಳ್ಳುವ ಕರೀ ಬಟ್ಟಲಿನಂಥ ಗಾಜನ್ನು ಕೊಟ್ಟರು. ಅದನ್ನು ಹುಬ್ಬು ಗಂಟಿಕ್ಕಿ ಹಿಡಿಯಬೇಕು. ಅತ್ತೆಯ ಮುಖ ಸಿಟ್ಟು ಬಂದಾಗ ಮಾತ್ರ ಆ ಆಕಾರಕ್ಕೆ ಬರುತ್ತದೆ. ಆದ್ದರಿಂದ ಗಾಜು ನಿಲ್ಲಬೇಕೆಂದು ಆಕೆ ನನ್ನ ತಪ್ಪುಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದಳು. ನನ್ನ ಮದುವೆಯಲ್ಲಿ ಆಕೆಯ ಗಂಡನ ಕಡೆಯವರಿಗೆ ತಡವಾಗಿ ಚಹಾ ಕೊಟ್ಟದ್ದು ನೆನಪಾಗುವತನಕ ಗಾಜು ಗಟ್ಟಿಯಾಗಿ ನಿಂತಿತ್ತು. ಅದು ನೆನಪಾದದ್ದೇ ಆಕೆಗೆ ನಗು ಬಂದು ಗಾಜು ಅಂಗಡಿಯವರು ತಿನ್ನುತ್ತಿದ್ದ ಚುರುಮುರಿ ಸುಸಲಾದ ತಟ್ಟೆಯೊಳಗೆ ಬಿತ್ತು. ಅದಲ್ಲದೆ ಒಂದೇ ಕಣ್ಣಿನಿಂದ ನೋಡಿದರೆ ಬೆಸುಗೆ ಕಡ್ಡಿಯ ತುದಿ ಮುಂದಿದೆಯೋ ಹಿಂದಿದೆಯೋ ತಿಳಿಯುವುದಿಲ್ಲ, ಮೂಗನ್ನು ಕೆಲಸದ ಮೇಲೇ ಇಡಬೇಕಾಗುತ್ತದೆ. ಬೆಸುಗೆಯ ಹೊಗೆ ನೇರ ಮೂಗಿಗೆ! ಎರಡೂ ಕಣ್ಣಿಗೆ ಬೇಕೆಂದು ಅಲ್ಲೇ ನಿಕ್ಕಿಯಾಯಿತು.

ಎರಡು ಕಣ್ಣಿನದು ಬಸವನ ಬಾಗೇವಾಡಿಯ ಒಬ್ಬ ಪತ್ತಾರರ ಹತ್ತಿರ ಇದೆ ಎಂದು ಸುದ್ದಿ ಬಂತು. ಬಸ್ಸು ಹತ್ತಿ ಹೋದೆವು. ಗಿರಾಕಿಗಳು ಬಂಗಾರ ನೋಡುತ್ತಿದ್ದರೆ ಅತ್ತೆ ಪತ್ತಾರರ ಹಣೆಯನ್ನೇ ನೋಡುತ್ತ ನಿಂತಳು. ಹಣೆಗೊಂದು ಪಟ್ಟಿ, ಪಟ್ಟಿಗೆ ಎರಡೂ ಕಣ್ಣಿಗಾಗುವ ಮಡಚುವ ಗಾಜು. ಬೇಕಾದಾಗ ಇಳಿಸಬಹುದು, ಬೇಡವಾದಾಗ ಎತ್ತಬಹುದು, ಕನ್ನಡಕದ ಮೇಲೂ ನಡೆಯುತ್ತದೆ. ಆ ಮಹಾನುಭಾವರು ಹಾಕಿ ನೋಡಲೆಂದು ತೆಗೆದು ಕೊಟ್ಟೇಬಿಟ್ಟರು. ಈಗ ಎದ್ದಿತು ನೋಡಿ ದೊಡ್ಡ ಪ್ರಶ್ನೆ. ಪಟ್ಟಿ ಸೆರಗಿನ ಒಳಗೋ, ಹೊರಗೋ? ಒಳಗೆ ಹಾಕಿದರೆ ಸೆರಗು ಗಾಜಿನ ಮುಂದೆ ಪರದೆಯಂತೆ ಇಳಿಯುತ್ತದೆ. ಸೆರಗು ತೆಗೆಯೋಣವೆಂದರೆ ಅಂಗಡಿಯ ತುಂಬ ಗಂಡಸರು. ಕೊನೆಗೆ ಅತ್ತೆ ಸೆರಗಿನ ಮೇಲೆಯೇ ಪಟ್ಟಿ ಬಿಗಿದಳು. ನಲವತ್ತು ವರ್ಷಗಳಿಂದ ಜಾರುತ್ತಲೇ ಬಂದ ಸೆರಗು ಅವತ್ತು ಮೊದಲ ಸಲ ಅಲುಗದೆ ನಿಂತಿತು! ತಿರುಗಿ ಕೊಟ್ಟ ಪಟ್ಟಿಯನ್ನು ಪತ್ತಾರರು ಹಾಕಿಕೊಂಡರೆ ಅವರ ಹಣೆಯ ಮೇಲೆ ಅತ್ತೆಯ ವಿಭೂತಿ ಮೂಡಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ, ಪುಣ್ಯವಂತರು.

ಪಟ್ಟಿಯದು ಸರಿ, ಆದರೆ ಎಷ್ಟು ದೊಡ್ಡದು ಮಾಡಿ ತೋರಿಸುವ ಗಾಜು? ಇಲ್ಲಿ ನನ್ನ ಜಾಣತನ ಅಡ್ಡ ಬಂತು. ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಂಡು ಎಲ್ಲಕ್ಕಿಂತ ಜೋರಿನದನ್ನು ಮೊಬೈಲಿನಲ್ಲಿ ತರಿಸಿಬಿಟ್ಟೆ. ಅತ್ತೆ ಅದನ್ನು ಹಾಕಿಕೊಂಡು ಎಳ್ಳಿನಷ್ಟಿದ್ದ ಒಂದು ಬಿಡಿಭಾಗವನ್ನು ನೋಡಲು ಹೋದರೆ ಅದರ ಒಂದು ಮೂಲೆ ಮಾತ್ರ ಕಂಡಿತು. ಇನ್ನೊಂದು ಮೂಲೆ ಹುಡುಕಲು ಹೋದವಳು ದಾರಿ ತಪ್ಪಿ ತನ್ನ ಹೆಬ್ಬೆರಳಿನ ಉಗುರಿಗೆ ತಲುಪಿದಳು. ಅದನ್ನು ನೋಡಿ ಇದು ಯಾವ ಊರ ಗುಡ್ಡ ಎಂದು ನನ್ನನ್ನೇ ಕೇಳಿದಳು. ಮುಖ ಸ್ವಲ್ಪ ಹಿಂದೆ ಸರಿದರೂ ಎಲ್ಲ ಮಸುಕು.

ಇದಕ್ಕೆ ಪರಿಹಾರ ಸಿಕ್ಕಿದ್ದು ನಾನು ಬಾಯಿ ತೆರೆದಾಗ. ಹಾಗೆಂದರೆ ನಾನು ಏನೋ ಹೇಳಿದೆ ಎಂದಲ್ಲ, ಹಲ್ಲು ನೋಯುತ್ತಿತ್ತು. ಮುದ್ದೇಬಿಹಾಳದಲ್ಲಿ ಪರಿಚಯದ ದಂತವೈದ್ಯರಿದ್ದಾರೆಂದು ಹೋದೆವು. ಅವರು ಕಣ್ಣಿಗೆ ಎರಡು ಪುಟ್ಟ ದುರ್ಬೀನು ಇರುವ ಕನ್ನಡಕ ಹಾಕಿಕೊಂಡು ನನ್ನ ಬಾಯೊಳಗೆ ಬಗ್ಗಿದ್ದೇ ತಡ, ಜೊತೆಗೆ ಬಂದಿದ್ದ ಅತ್ತೆ ಎದ್ದು ಅವರ ಬೆನ್ನ ಹಿಂದೆ ನಿಂತಳು. ಅದು ಯಾವ ದೂರಕ್ಕೆ ಕಾಣುತ್ತದೆ, ಕತ್ತು ಬಗ್ಗಿಸಬೇಕೋ ಬೇಡವೋ, ಬೆಳಕು ಅದರಲ್ಲೇ ಇದೆಯೋ ಎಂದು ಒಂದೇ ಸಮನೆ ವಿಚಾರಣೆ. ವೈದ್ಯರಿಗೂ ಹುರುಪು ಬಂದು, ನನ್ನ ಬಾಯಲ್ಲಿ ಹತ್ತಿ ತುರುಕಿ ಅತ್ತೆಯ ಕಡೆ ತಿರುಗಿ ಕೂತರು. ಅವರು ಹೇಳಿದ್ದು ಇಷ್ಟು. ಜೋರಿನ ಗಾಜು ಯಾವಾಗಲೂ ಹತ್ತಿರ ಕರೆಯುತ್ತದೆ. ಆದ್ದರಿಂದ ಮೊದಲು ಕೈ ಎಷ್ಟು ದೂರದಲ್ಲಿ ಆರಾಮಾಗಿ ನಿಲ್ಲುತ್ತದೆಂದು ನೋಡಿ, ಆ ದೂರಕ್ಕೆ ಗಾಜು ಆರಿಸಬೇಕು. ನಿಮ್ಮ ಕೈ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಅವರು ಕೇಳಿದ್ದಕ್ಕೆ ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. ಎಡ ಅಂಗೈಯನ್ನು ಕಣ್ಣೆದುರು ಹಿಡಿದು ತೋರಿಸಿದಳು.

"ದಿನಾ ಲಿಂಗಾ ಹಿಡಕೊಂಡು ಪೂಜಿಗಿ ಕೂಡ್ತೇನಲ್ರಿ, ಇಷ್ಟ ದೂರ. ಈ ಕೈಗಿ ಇಷ್ಟ ರೂಢಿ ಐತಿ."

ವೈದ್ಯರು ಟೇಪು ತಂದು ಕಣ್ಣಿಂದ ಅಂಗೈತನಕ ಅಳೆದರು, ಬೇಕಾದದ್ದು ಕಡಿಮೆ ಜೋರಿನ ಗಾಜು ಎಂದರು. ಇಬ್ಬರಿಗೂ ಆದ ಸಂತೋಷ ಹೇಳತೀರದು. ನಾನು ಹತ್ತಿ ಕಚ್ಚಿಕೊಂಡು ಅದನ್ನು ನೋಡುತ್ತಿದ್ದೆ.

ಅಂತೂ ಆ ಗಾಜಿನ ಪಟ್ಟಿ ಬಂತು. ಓಣಿಯ ಹೆಂಗಸರು ನೋಡಲು ನೆರೆದರು. ಗಾಜಿನ ಬಗ್ಗೆ ಯಾರೂ ಕೇಳಲಿಲ್ಲ. ಸೆರಗು ಇಷ್ಟು ಗಟ್ಟಿಯಾಗಿ ನಿಲ್ಲುವ ಪಟ್ಟಿ ಎಲ್ಲಿ ಸಿಗುತ್ತದೆ, ಗಾಜು ತೆಗೆದು ಬರೀ ಪಟ್ಟಿ ಕೊಡುತ್ತಾರೆಯೇ ಎಂಬುದೇ ಎಲ್ಲರ ಪ್ರಶ್ನೆ. ಅತ್ತೆ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ಅಂಗೈ ದೂರದಲ್ಲಿ ಎಳ್ಳುಗಳು ಒಂದೊಂದಾಗಿ ಕಾಣತೊಡಗಿದ್ದವು. ಕತ್ತು ನೆಟ್ಟಗೆ, ಎರಡು ಕಣ್ಣೂ ತೆರೆದು, ಬಾಯಲ್ಲಿ ಏನೋ ಗುನುಗುತ್ತ ಆಕೆ ಕೂತದ್ದನ್ನು ನೋಡಿದರೆ ಕೆಲಸವೋ ಪೂಜೆಯೋ ಹೇಳಲಾಗುತ್ತಿರಲಿಲ್ಲ. ಮಾಮಾ ಮಾತ್ರ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು.

ಪೆಟ್ಟಿಗೆ ಮುಗಿದ ದಿನ ಅತ್ತೆ ನನಗೆ ಹೇಳಿಕಳುಹಿಸಿದಳು. ಹೌದು, ಅದು ಕರಡಿಗೆಗಿಂತ ಒಂದು ಕೂದಲೂ ದೊಡ್ಡದಿರಲಿಲ್ಲ. ನಾಲ್ಕು ಪುಟ್ಟ ಗುಂಡಿ, ನಾಲ್ಕು ಮಾತು. ನೀರು ಬೇಕು, ಹೊರಗ ಹೋಗೂಣು, ಸಾಕು, ನೋಯಾಕತ್ತೈತಿ. ಗಂಡಸಿನ ದನಿ ಇರಲೆಂದು ಪಕ್ಕದ ಮನೆಯವರನ್ನು ಕರೆಸಿದ್ದಳಂತೆ. ಮಾಮಾ ಒಪ್ಪದೆ ತಲೆ ಅಲ್ಲಾಡಿಸಿದ್ದಕ್ಕೆ ಕೊನೆಗೆ ತನ್ನ ದನಿಯನ್ನೇ ತುಂಬಿದ್ದಳು. ಬೆಳಗಿನ ಬಿಸಿಲಿಗೆ ಕಟ್ಟೆಯ ಮೇಲೆ ಕೂತಿದ್ದ ಅವರ ಕೊರಳಿಗೆ ಅದನ್ನು ಹಾಕಿ, ತಲೆಯ ಮೇಲಿನ ಪಟ್ಟಿಯನ್ನೂ ತೆಗೆಯದೆ ಎದುರು ಕೂತು, "ಒತ್ರಿ" ಎಂದಳು.

ಮಾಮಾ ಒತ್ತಲಿಲ್ಲ.

ಅತ್ತೆ ಕಾದಳು. ತಾನೇ ಅವರ ಬೆರಳು ಹಿಡಿದು ಗುಂಡಿಯ ಮೇಲಿಟ್ಟಳು. ಅವರು ಕೈ ಹಿಂದಕ್ಕೆಳೆದುಕೊಂಡರು. ಎಷ್ಟೆಲ್ಲ ಊರು ತಿರುಗಿದಾಗಲೂ ಬಾಡದಿದ್ದ ಅತ್ತೆಯ ಮುಖ ಆಗ ಬಾಡಿತು. ಇದೂ ಕಿಟಕಿಗೇ ಹೋಗುತ್ತದೆ ಎಂದು ನನಗೆ ಅಳು ಬರುವಂತಾಯಿತು, ಸುಳ್ಳೇಕೆ ಹೇಳಲಿ, ಮಾಮಾ ಮೇಲೆ ಸಿಟ್ಟೂ ಬಂತು.

ಆಗ ಅವರು ಎಡಗೈ ಚಾಚಿ ಅತ್ತೆಯ ತಲೆಯಿಂದ ಪಟ್ಟಿಯನ್ನು ಎಳೆದು ತೆಗೆದರು. ಅದನ್ನು ತಮ್ಮ ತಲೆಗೆ ಸೊಟ್ಟಗೆ ಸಿಕ್ಕಿಸಿಕೊಂಡರು. ಅತ್ತೆಯ ಬಲಗೈ ಹಿಡಿದು ಗಾಜಿನ ಮುಂದೆ ತಂದುಕೊಂಡರು. ಹೆಬ್ಬೆರಳು, ತೋರುಬೆರಳು, ಅಂಗೈಯ ಅಂಚು, ಒಂದೊಂದನ್ನೂ ತಿರುವಿ ತಿರುವಿ ನೋಡಿದರು. ನಾನೂ ಆಗಲೇ ನೋಡಿದ್ದು. ಕಾದ ಕಡ್ಡಿ ತಾಗಿ ತಾಗಿ ಬೆರಳ ತುಂಬ ಸುಟ್ಟ ಕಲೆಗಳು, ಒಂದು ಬೊಕ್ಕೆಯಂತೂ ಇನ್ನೂ ಹಸಿಯಾಗಿತ್ತು. ಡಬ್ಬಿಗಳು ಕಿಟಕಿಗೆ ಹೋದದ್ದಕ್ಕೆ ಕಾರಣ ನಾಚಿಕೆಯೂ ಅಲ್ಲ, ಪೆಟ್ಟಿಗೆಯ ಮೇಲೆ ಸಿಟ್ಟೂ ಅಲ್ಲ. ತಮಗಾಗಿ ಆ ಕೈ ಸುಡುವುದು ಅವರಿಗೆ ಬೇಡವಾಗಿತ್ತು, ಅದನ್ನು ಹೇಳಲು ಬಾಯಿರಲಿಲ್ಲ.

ಅತ್ತೆಯ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮಾಮಾ ಎದೆಯ ಮೇಲಿನ ಪೆಟ್ಟಿಗೆಯನ್ನು ತಡವಿದರು. ಕೊನೆಯ ಗುಂಡಿ ಹುಡುಕಿ ಒತ್ತಿದರು. ಒತ್ತಿ, ಆ ಹಸಿ ಬೊಕ್ಕೆಯತ್ತ ಬೆರಳು ತೋರಿಸಿ, ಅತ್ತೆಯ ಮುಖ ನೋಡಿದರು.

"ನೋಯಾಕತ್ತೈತಿ" ಎಂದಿತು ಪೆಟ್ಟಿಗೆ, ಅತ್ತೆಯದೇ ದನಿಯಲ್ಲಿ.

"ಇಲ್ರಿ," ಎಂದಳು ಅತ್ತೆ. "ಏನೂ ನೋಯಾಕತ್ತಿಲ್ಲ."

ಮಾಮಾ ನಂಬಲಿಲ್ಲ. ಮತ್ತೊಮ್ಮೆ ಒತ್ತಿದರು.