ಕಾಲುಸೇತುವೆಗೆ ಹೊಳಪು ತಂದ ಸಾಹೇಬರಿಗೆ

ಮಾನ್ಯ ನಿರ್ವಹಣಾಧಿಕಾರಿಗಳ ಸನ್ನಿಧಾನಕ್ಕೆ, ದೊಡ್ಡ ಮೋರಿಯ ಆಚೆ ದಡದಲ್ಲಿ ವಾಸವಾಗಿರುವ ಒಬ್ಬ ಫಿಟ್ಟರು ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ಬಿನ್ನಹ. ಎರಡೂ ಕೈ ಜೋಡಿಸಿದರೆ ಬರೆಯುವುದು ಹೇಗೆಂದು ಕೇಳಬೇಡಿ. ತಮ್ಮ ಆಡಳಿತದಲ್ಲಿ ಅದಕ್ಕಿಂತ ಕಷ್ಟದ ಕೆಲಸಗಳು ನಡೆದಿವೆ.

ಮಾನ್ಯರೇ,

ತಮ್ಮ ಕಚೇರಿಯಲ್ಲಿ ಹದಿನಾಲ್ಕು ವರ್ಷದಿಂದ ಕಸ ಗುಡಿಸುತ್ತಿರುವವಳು ನನ್ನ ಅಕ್ಕ. ಹೋದ ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬರುವಾಗ ಮೋರಿಯ ಮೇಲಿನ ಕಾಲುಸೇತುವೆಯ ಉಕ್ಕಿನ ಹಲಗೆಯೊಂದು ತುಕ್ಕು ತಿಂದು ಮುರಿದು, ಅವಳ ಬಲಗಾಲು ಮಂಡಿಯವರೆಗೆ ಒಳಗಿಳಿಯಿತು. ಹನ್ನೊಂದು ಹೊಲಿಗೆ ಬಿದ್ದವು. ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ತಮ್ಮ ನೋಟಿಸು ಅವಳಿಗಿಂತ ಮೊದಲೇ ಮನೆ ತಲುಪಿತ್ತು. ಆಸಿಡ್ ಹಾಕಿ ಉಜ್ಜಿ ಸೇತುವೆಯನ್ನು ಹಾಳು ಮಾಡಿದ್ದಕ್ಕೆ ಅವಳನ್ನೇಕೆ ಕೆಲಸದಿಂದ ತೆಗೆಯಬಾರದೆಂದು ಏಳು ದಿನದೊಳಗೆ ತಿಳಿಸಬೇಕಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯವನ್ನು ಇಷ್ಟು ಚುರುಕಾಗಿ ಮಾಡಿದವರನ್ನು ನಾನು ಬೇರೆ ಕಂಡಿಲ್ಲ.

ಹದಿನಾರು ವರ್ಷದ ಹಿಂದೆ ಆ ಹಲಗೆಗಳಿಗೆ ಬೋಲ್ಟು ಬಿಗಿದ ನಾಲ್ವರಲ್ಲಿ ನಾನೂ ಒಬ್ಬ. ಅವು ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕಿನವು, ನಮ್ಮ ಮಾತಿನಲ್ಲಿ ಜಿ.ಐ. ಹೊಸದರಲ್ಲಿ ಥಳಥಳ ಎನ್ನುತ್ತಿದ್ದವು, ಒಂದೆರಡು ವರ್ಷದಲ್ಲಿ ಬೂದು ಬಣ್ಣಕ್ಕೆ ತಿರುಗಿದವು. ಆ ಮಂಕೇ ಅದರ ರಕ್ಷೆ, ಸ್ವಾಮಿ. ಸತು ಗಾಳಿ ನೀರಿನೊಡನೆ ಹೊಂದಿಕೊಂಡು ಮೇಲೊಂದು ಪೊರೆ ಕಟ್ಟಿಕೊಳ್ಳುತ್ತದೆ; ಎಲ್ಲಾದರೂ ಗೀರು ಬಿದ್ದರೆ ಮೊದಲು ತಾನು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ, ಮನೆಯ ಹಿರಿಮಗಳು ತಾನು ಕಡೆಗೆ ಉಂಡು ತಮ್ಮಂದಿರನ್ನು ಸಾಕಿದ ಹಾಗೆ. ನನ್ನನ್ನು ಸಾಕಿದ್ದೂ ಹಾಗೆಯೇ ಆದ್ದರಿಂದ ಈ ವಿಷಯ ನನಗೆ ಪುಸ್ತಕ ಓದದೆಯೂ ಗೊತ್ತು.

ಹದಿಮೂರು ವರ್ಷ ಸೇತುವೆಗೆ ಒಂದು ಚುಕ್ಕೆ ತುಕ್ಕು ಬರಲಿಲ್ಲ. ಆಮೇಲೆ ತಾವು ಬಂದಿರಿ.

ಮೇಲಧಿಕಾರಿಗಳು ಪರಿಶೀಲನೆಗೆ ಬರುವ ವಾರ ತಾವು ಸೇತುವೆಯ ಮೇಲೆ ನಿಂತು, ‘ಏನಮ್ಮ ಇದು, ಇಷ್ಟು ಮಂಕು ಹಿಡಿದಿದೆ, ಆಸಿಡ್ ಹಾಕಿ ಉಜ್ಜು, ಮುಖ ಕಾಣ್ಬೇಕು’ ಎಂದು ಅಕ್ಕನಿಗೆ ಅಪ್ಪಣೆ ಮಾಡಿದಿರಿ. ಹಾಗೆ ಉಜ್ಜಿದರೆ ಸತುವೇ ಹೋಗುತ್ತದೆಂದು ನಾನು ತಮ್ಮ ಬಾಗಿಲಿಗೆ ಬಂದು ಹೇಳಿದಾಗ, ‘ನೀನು ನಿನ್ನ ಬೋಲ್ಟ್ ನೋಡ್ಕೊ’ ಎಂದಿರಿ. ನೋಡಿಕೊಂಡೆ. ಬೋಲ್ಟುಗಳು ಇವತ್ತಿಗೂ ಭದ್ರವಾಗಿವೆ, ಹಲಗೆಗಳದ್ದೇ ತೊಂದರೆ.

ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರು ದಿನ ಮಂಡಿಯೂರಿ ಉಜ್ಜಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮಂಥ ಸಣ್ಣವರಿಗೆ ಇರಲಿ. ಹೊಳೆಯುವುದೆಲ್ಲ ಹೊಸದೆಂದು ಮೇಲಧಿಕಾರಿಗಳು ನಂಬಿದರು, ತಮಗೆ ಪ್ರಶಂಸಾಪತ್ರವೂ ಬಂತು. ಅದು ಗಾಜಿನ ಚೌಕಟ್ಟಿನೊಳಗೆ ಇರುವುದರಿಂದ ಮಂಕಾಗುವ ಭಯವಿಲ್ಲ. ಮೂರು ಮಳೆಗಾಲ ನೆನೆದದ್ದು ಹಲಗೆಗಳು ಮಾತ್ರ. ತುಕ್ಕು ಹಿಡಿದಿದೆಯೆಂದು ಈ ನಡುವೆ ನಾನು ಕೊಟ್ಟ ಎರಡು ಅರ್ಜಿಗಳು ತಮ್ಮ ಕಡತಗಳಲ್ಲಿ ಸುರಕ್ಷಿತವಾಗಿವೆಯೆಂದು ಗುಮಾಸ್ತರು ಭರವಸೆ ಕೊಟ್ಟಿದ್ದಾರೆ.

ಇಂಥ ದಕ್ಷರಿಂದ ಆಗದ ಕೆಲಸವಿಲ್ಲವೆಂದು ನಂಬಿ ಬೇಡಿಕೊಳ್ಳುತ್ತೇನೆ. ಹೊರಟುಹೋದ ಸತು ಕೂಡಲೇ ಕರ್ತವ್ಯಕ್ಕೆ ಹಾಜರಾಗಬೇಕೆಂದು ಒಂದು ಸುತ್ತೋಲೆ ಹೊರಡಿಸಬೇಕು. ಅಧಿಕಾರಿಗಳ ವರ್ಗಾವಣೆಗೆ ಮೊದಲು ಕಾಣಿಸಿಕೊಂಡದ್ದಕ್ಕೆ ತುಕ್ಕಿಗೂ ಒಂದು ನೋಟಿಸು ಕೊಡಬೇಕು. ಇವೆರಡೂ ಆಗದಿದ್ದರೆ ಸುಲಭದ್ದೊಂದಿದೆ: ಉಜ್ಜಲು ಹೇಳಿದವನು ನಾನು ಎಂದು ಒಂದು ಸಾಲು ಬರೆದು, ಕೆಳಗೆ ಸಹಿ ಹಾಕಿ, ಅಕ್ಕನ ಕೆಲಸ ಉಳಿಸಬೇಕು. ನನಗೆ ಸಿಟ್ಟು ಬಂದಿದೆ, ಸ್ವಾಮಿ. ಮರ್ಯಾದೆಯ ಲೇಪನ ತೆಳುವಾಗುತ್ತಿದೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಕಸ ಗುಡಿಸುವವಳ ಒಡಹುಟ್ಟಿದವನು

ವಿ.ಸೂ.: ಅಕ್ಕನಿಗೆ ಓದು ಬಾರದು, ನೋಟಿಸನ್ನು ನಾನೇ ಓದಿ ಹೇಳಿದೆ. ‘ಚೆನ್ನಾಗಿ ಉಜ್ಜಿದೀಯ ಅಂತ ಸಾಹೇಬ್ರೇ ಹೇಳಿದ್ರಲ್ಲೋ’ ಎಂದಳು. ಹೊಲಿಗೆ ಬಿಚ್ಚಿದ ದಿನ ಅವಳೇ ತಮ್ಮನ್ನು ಕೇಳಲು ಬರುತ್ತಾಳೆ. ತಮ್ಮ ಕೋಣೆಗೆ ಹತ್ತುವ ಹಿಂಬದಿಯ ಮೆಟ್ಟಿಲುಗಳೂ ಜಿ.ಐ.; ಅವು ಚೆನ್ನಾಗಿ ಕಾಣಬೇಕೆಂದು ಯಾರಿಗೂ ಅನ್ನಿಸಿಲ್ಲವಾದ್ದರಿಂದ, ಅವಳು ಸುರಕ್ಷಿತವಾಗಿ ತಮ್ಮೆದುರಿಗೆ ಬಂದು ನಿಲ್ಲುವುದು ಖಂಡಿತ.