ಗೊಬ್ಬೂರಿನ ಹೊಸ್ತಿಲು

ಹೊಸ ಮನೆಗೆ ಹಳೆಯ ಕಟ್ಟಿಗೆ ತಂದರೆ ಗೆದ್ದಲು ಬರುತ್ತದೆಂದು ಎಲ್ಲರೂ ಎಚ್ಚರಿಸುತ್ತಾರೆ. ಮನುಷ್ಯರು ಬರುತ್ತಾರೆಂದು ಯಾರೂ ಹೇಳುವುದಿಲ್ಲ. ಎಂಬತ್ತರ ದಶಕದಲ್ಲೆಲ್ಲೋ ಶಾಲಾ ಮಾಸ್ತರನಾಗಿದ್ದ ನಾನು ಅಫಜಲಪುರದಲ್ಲಿ ಮನೆ ಕಟ್ಟಿಸಿದೆ. ಇಸವಿಯ ವಿಷಯದಲ್ಲಿ ನನಗೂ ಹೆಂಡತಿಗೂ ಹೊಂದಾಣಿಕೆಯಿಲ್ಲ. ಗೃಹಪ್ರವೇಶದ ದಿನ ಮೋಡವಿತ್ತೆಂದು ಅವಳು, ನೆತ್ತಿ ಸುಡುತ್ತಿತ್ತೆಂದು ನಾನು. ಎರಡು ಕಥೆಗಳಲ್ಲೂ ಬಾಗಿಲು ಮಾತ್ರ ಒಂದೇ.

ಎಲ್ಲರೂ ಸಿಮೆಂಟಿನ ಹಿಂದೆ ಬಿದ್ದಿದ್ದ ಕಾಲ. ಗೊಬ್ಬೂರಿನ ಗೌಡರು ತಮ್ಮ ವಾಡೆಯ ಮನೆ ಕೆಡವಿ, ಹೊಸ ಮನೆಗೆ ಸೊಲ್ಲಾಪುರದಿಂದ ಹಸಿರು ಬಣ್ಣದ ಕಬ್ಬಿಣದ ಬಾಗಿಲು ತರಿಸಿದ್ದರು. ಅವರ ಹಳೆಯ ಸಾಗವಾನಿ ಬಾಗಿಲು, ಚೌಕಟ್ಟು ಹೊಸ್ತಿಲು ಸಮೇತ, ಮಾರಾಟಕ್ಕೆ ಅಂಗಳದಲ್ಲಿ ಬಿದ್ದಿತ್ತು. ಹೊಸ ಮರ ಒಂದೇ ಬೇಸಿಗೆಗೆ ಸೊಟ್ಟಗಾಗುತ್ತದೆ, ಇದು ಸೊಟ್ಟಗಾಗುವುದನ್ನೆಲ್ಲ ಮುಗಿಸಿ ಕೂತಿದೆ ಎಂದು ಹೆಂಡತಿಗೆ ಉಪನ್ಯಾಸ ಕೊಟ್ಟು ಕೊಂಡುತಂದೆ. ಬಡಿಗ ಅದನ್ನು ಕೂರಿಸಲು ಕಟ್ಟಿದ ಗೋಡೆಯನ್ನೇ ಒಡೆಸಿದ. ಮನೆಗೆ ಬಾಗಿಲಲ್ಲ, ಬಾಗಿಲಿಗೆ ಮನೆ ಎಂಬಂತಾಯಿತು.

ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ ಪರರ ಹೊಸ್ತಿಲು ತೊಳೆದ ನನ್ನ ಹೆಂಡತಿ ಮಹಾದೇವಿಗೆ ಒಂದೇ ಆಸೆ: ಸ್ವಂತ ಮನೆಯೊಳಗೆ ತಾನೇ ಮೊದಲು ಕಾಲಿಡಬೇಕು. ಅಂದು ಬೆಳಗ್ಗೆ ತುಂಬಿದ ಕೊಡ ಹಿಡಿದು ಬಾಗಿಲ ಮುಂದೆ ನಿಂತಿದ್ದಳು. ಪೂಜೆಯ ಅಯ್ಯನವರ ದಾರಿ ಕಾಯುತ್ತಿದ್ದೆವು. ಬಂದದ್ದು ಗೊಬ್ಬೂರಿನ ಟ್ರ್ಯಾಕ್ಟರು. ಅದರ ತುಂಬ ಮದುವೆಯ ಜನ. ಗೌಡರ ಮನೆಯ ಹಿರಿಯ ಗೌಡಶಾನಿ ಇಳಿದು, ಬಾಸಿಂಗ ಬಿಚ್ಚದ ಮದುಮಗಳನ್ನು ಕೈಹಿಡಿದು ನಡೆಸಿಕೊಂಡು ಬಂದರು.

“ಮಾಸ್ತರ್ರ, ಸ್ವಲ್ಪ ಸರೀರಿ. ನಮ್ಮ ಸೊಸಿ ಒಳಗ ಬರಾಕತ್ತಾಳ.”

“ಅಮ್ಮಾರ, ಇದು ನಮ್ಮ ಮನಿರಿ!”

“ಮನಿ ನಿಮ್ಮದರೀ. ಹೊಸ್ತಲ ನಮ್ಮದು. ನಮ್ಮತ್ತಿ ಇದನ್ನ ದಾಟಿ ಬಂದಾಕಿ, ನಾನೂ ಇದನ್ನ ದಾಟಿ ಬಂದಾಕಿ. ಆ ಕಬ್ಬಣದ ಬಾಗಲದಾಗ ಸೊಸೀನ ಕರ್ಕೊಳ್ಳಾಕ ನಮ್ಮನಿ ಏನ್ ಗೋದಾಮೇನ್ರಿ?”

“ಮಾರೀರಲ್ರಿ ನೀವು!”

“ಗಂಡಸ್ರು ಕಟ್ಟಿಗಿ ಮಾರ್ಯಾರ. ಹೊಸ್ತಲ ಮಾರೋಣೇನಂತ ನನ್ನ ಯಾರ್ ಕೇಳ್ಯಾರ?”

ನಾನು ಖರೀದಿ, ಹಕ್ಕು, ಕಾನೂನು ಎಂದೆಲ್ಲ ವಿವರಿಸಿದೆ. ನೆನಪಿನಲ್ಲಿ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ. ಅದಕ್ಕೇ ಆ ನೆನಪನ್ನು ನಾನೇ ನಂಬುವುದಿಲ್ಲ. ಮಹಾದೇವಿ ನನ್ನನ್ನು ದುರುಗುಟ್ಟಿ ನೋಡಿ, “ಹಳೇದ ಬೇಕಂದ್ರಲ್ಲ, ತಗೋರಿ ಈಗ!” ಎಂದವಳೇ ಕೊಡದೊಂದಿಗೆ ಮಾಯವಾದಳು. ಸಿಟ್ಟಾಗಿ ಹೋದಳೆಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಾಗಿಲು ಒಳಗಿನಿಂದ ತೆರೆಯಿತು. ಹಿತ್ತಲ ಕಡೆಯಿಂದ ಒಳಹೊಕ್ಕು, ಕೊಡ ಇಳಿಸಿ, ಆರತಿ ತಟ್ಟೆ ಹಿಡಿದು ನಿಂತಿದ್ದಳು.

“ಮೊದಲ ನಾ ಬಂದೇನಿ. ಈಗ ನೀ ಬಾ ತಂಗಿ.”

ಗೌಡಶಾನಿ ಹೊಸ್ತಿಲ ಮೇಲೆ ತಂದಿಟ್ಟ ಜೋಳದ ಸೇರನ್ನು ಮದುಮಗಳು ಒದ್ದಳು. ಜೋಳ ನಮ್ಮ ಹೊಸ ನೆಲದ ತುಂಬ ಚೆಲ್ಲಿತು. ಗಂಡನ ಹೆಸರನ್ನು ಪ್ರಾಸಕ್ಕೆ ಹೊಂದಿಸಿ ಒಡಪು ಹೇಳಿ ಒಳಬಂದಳು. ಅವಳ ಹಿಂದೆ ಇಡೀ ಗೊಬ್ಬೂರು ಒಳಬಂತು. ಕೊನೆಗೆ ನಾನು ಕಾಲೆತ್ತಿದರೆ ಹೆಂಗಸರು ಕೈ ಅಡ್ಡ ಹಿಡಿದರು.

“ಒಡಪ ಹಾಕಿ ಹೆಂಡ್ತಿ ಹೆಸರ ಹೇಳ್ರಿ ಮಾಸ್ತರ್ರ, ಆಮ್ಯಾಲ ಒಳಗ!”

ಪ್ರಾಸವೆಂಬುದು ಸತ್ತ ಕಾವ್ಯದ ಲಕ್ಷಣವೆಂದು ಉದ್ದುದ್ದ ಲೇಖನ ಬರೆದವನು ನಾನು. ಎಷ್ಟು ತಡಕಾಡಿದರೂ ಒಂದು ಸಾಲೂ ಹೊರಡಲಿಲ್ಲ. ರೇಗಿ, “ಮಹಾದೇವಿ!” ಎಂದು ಕೂಗಿದೆ.

“ಅಯ್ಯ, ಹಾಜರಿ ಕರದಂಗಾತು!” ಎಂದು ಗೌಡಶಾನಿ ನಕ್ಕರು.

ಸ್ವಂತ ಮನೆಯ ನಟ್ಟನಡುವೆ ನಿಂತು ನನ್ನ ಹೆಂಡತಿ ಉತ್ತರಿಸಿದಳು: “ಹಾಜರ್ ಸರ್! ಪಾಠ ಬರಲಿಲ್ಲಂದ್ರ ಹೊರಗ ನಿಲ್ರಿ.”