ಗೌರಿ ಹಸುವಿಗೆ ಹಾಕಿಸಿದ ಗುಂಡು ಅಕ್ಷರ

ಮಕ್ಕಳೇ, ನಾನು ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸಿನವರೆಗೆ. ಆದರೂ ಒಳ್ಳೆಯ ಅಕ್ಷರ ಯಾವುದೆಂದು ನನಗೆ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ನಿಮ್ಮ ತಾತ ಹೋದ ಮೇಲೆ ನನಗೆ ಜೊತೆಯಾಗಿದ್ದವಳು ಗೌರಿ ಹಸು. ಒಂದು ದಿನ ಹಗ್ಗ ಕಿತ್ತುಕೊಂಡು ಹೋದವಳು ಬರಲೇ ಇಲ್ಲ. ಅನ್ನ ಸೇರಲಿಲ್ಲ. ಮಾರನೆಯ ದಿನ ಅವಳ ಫೋಟೋ ಹಿಡಿದು ಪೋಸ್ಟರು ಮಾಡಿಸಲು ಚನ್ನಪಟ್ಟಣದ ಪ್ರಿಂಟಿಂಗ್ ಅಂಗಡಿಗೆ ಹೋದೆ. ಇದ್ದದ್ದು ಸಂಕ್ರಾಂತಿಯ ಫೋಟೋ. ಕೊರಳಿಗೆ ಹೂವು, ಕೊಂಬಿಗೆ ಬಣ್ಣ, ಬಣ್ಣದ ಮೇಲೆ ಬಲೂನು!

ಅಂಗಡಿಯ ಪುಟ್ಟಸ್ವಾಮಿ ಕಂಪ್ಯೂಟರಿನಲ್ಲಿ ತೆಳ್ಳನೆಯ, ಗಂಭೀರವಾದ ಅಕ್ಷರ ತೋರಿಸಿದ.

"ಅಯ್ಯೋ, ಇದು ತಿಥಿ ಕಾರ್ಡಿನ ಅಕ್ಷರ ಕಣಪ್ಪ! ಬದುಕಿರೋ ಹಸುಗೆ ಹಾಕ್ತಾರಾ?"

ಇನ್ನೊಂದು ತೋರಿಸಿದ. ದಪ್ಪಗೆ, ಗುಂಡಗೆ, ನಮ್ಮೂರ ಮರದ ಗೊಂಬೆಯಂತೆ ನುಣ್ಣಗೆ. ಒಂದೊಂದು ಅಕ್ಷರವೂ ಹೊಟ್ಟೆ ತುಂಬ ಉಂಡು ಕುಣಿಯುತ್ತಿತ್ತು. ಕನ್ನಡಕವಿಲ್ಲದೆ ಓದಿದೆ!

"ಅಜ್ಜಿ, ಇದು ಐಸ್‌ಕ್ರೀಮ್ ಅಂಗಡಿಗೆ, ಮಕ್ಕಳ ಬರ್ತ್‌ಡೇಗೆ ಹಾಕೋದು."

"ನಮ್ಮ ಗೌರಿನೂ ಮಗೀನಂಗೇಯ. ಹಾಕಪ್ಪ."

ಫೋಟೋದ ಕೆಳಗಿನ ಜಾಗದಲ್ಲಿ 'ಗೌರಿ' ಎಂಬುದೇ ಅರ್ಧ ನುಂಗಿತು. ಫೋನ್ ನಂಬರು ಉಳಿದರ್ಧ. 'ಕಾಣೆಯಾಗಿದ್ದಾಳೆ' ಎಂಬುದು ತಳದಲ್ಲಿ ಇರುವೆ ಸಾಲಿನಂತೆ ಮುದುರಿಕೊಂಡಿತು.

ನಾನೂ ಪಕ್ಕದ ಮನೆಯ ನಿಂಗಮ್ಮನೂ ಬಸ್‌ಸ್ಟ್ಯಾಂಡಿನಿಂದ ದೊಡ್ಡಮಳೂರಿನವರೆಗೆ ಪೋಸ್ಟರು ಅಂಟಿಸಿಕೊಂಡು ಬಂದೆವು. ಮನೆ ಸೇರುವಷ್ಟರಲ್ಲಿ ಫೋನು!

"ಗೌರಿ ಹಾಲಾ? ಗೋಡೆ ಮೇಲೆ ನಿಮ್ಮ ಜಾಹೀರಾತು ನೋಡ್ದೆ. ದಿನಾ ಒಂದು ಲೀಟ್ರು ಬೇಕಿತ್ತು."

ನನಗೆ ತಲೆಬುಡ ತಿಳಿಯಲಿಲ್ಲ. ಗುರುತಿಲ್ಲದವರಿಗೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. "ಆಗ್ಲಿ" ಅಂದುಬಿಟ್ಟೆ. ಸಂಜೆಯೊಳಗೆ ಐದು ಮನೆಗೆ ಆಗ್ಲಿ ಅಂದಿದ್ದೆ. ಒಬ್ಬರು ಪೇಡ ಕೇಳಿದರು. ಅದಕ್ಕೂ ಆಗ್ಲಿ!

"ಅಲ್ಲ ಕಣಕ್ಕ, ಹಸುನೇ ಇಲ್ಲ, ಹಾಲು ಎಲ್ಲಿಂದ ಕೊಟ್ಟೀಯೆ?" ಎಂದಳು ನಿಂಗಮ್ಮ.

"ಎಷ್ಟು ಮರ್ವಾದೆಯಾಗಿ ಕೇಳಿದ್ರು ಕಣೆ!"

ಅಷ್ಟರಲ್ಲಿ ದೊಡ್ಡಮಳೂರಿನ ಬೋರೇಗೌಡ ಎಂಬುವನ ಫೋನು. "ಅವ್ವ, ಹೊಸ್ದಾಗಿ ಹಾಲಿನ ಯಾಪಾರ ಇಟ್ಟಿದ್ದೀರಂತೆ. ನಮ್ಮಲ್ಲಿ ಒಸಿ ಹಾಲು ಮಿಗ್ತೈತೆ. ತಂದ್ಕೊಡ್ಲಾ?"

ದೇವರೇ ಕಳಿಸಿದ ಎಂದುಕೊಂಡೆ. ಮೂರು ದಿನ ಆ ಹಾಲನ್ನು ಮನೆಮನೆಗೆ ಹಂಚಿದೆ. ಮಿಕ್ಕಿದ್ದರಲ್ಲಿ ಕಾಫಿ ಮಾಡಿಕೊಂಡು, ಥೇಟ್ ಗೌರಿಯ ಹಾಲಿನ ರುಚಿಯೇ ಎಂದು ಅತ್ತೆ.

ನಾಲ್ಕನೆಯ ದಿನ ಅವನು ಬರಲಿಲ್ಲ. ಕ್ಯಾನು ಹಿಡಿದು ನಾನೇ ಹೋದೆ. ಕೊಟ್ಟಿಗೆಯಲ್ಲಿ ನಮ್ಮ ಗೌರಿ! ಹಸಿ ಹುಲ್ಲು ಮೇಯುತ್ತಾ ನಿಂತಿದ್ದಾಳೆ! ನಾನು ಬಾಯಿ ತೆರೆಯುವ ಮುಂಚೆಯೇ ಬೋರೇಗೌಡ ಶುರುಮಾಡಿದ.

"ಯಾರ್ದೋ ಹಸು ಕಣವ್ವ, ತಪ್ಪಿಸ್ಕೊಂಡು ಬಂದ್ಬುಟ್ಟೈತೆ. ಹುಡುಕ್ಕೊಂಡು ಬತ್ತಾರೆ ಅಂತ ಕಾಯ್ತಾವ್ನಿ. ಎಂಥಾ ಜನಾನೋ! ಒಂದು ಪೋಸ್ಟರಾದ್ರೂ ಹಾಕಬಾರ್ದಾ?"

ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಗೌರಿ ಬಲೂನು ಕಟ್ಟಿಕೊಂಡು ನಿಂತಿದ್ದಳು.

ಇನ್ನು ಹಸು ನನ್ನದೇ ಎಂದು ಯಾವ ಮುಖದಲ್ಲಿ ಹೇಳಲಿ?

"ಹೂಂ ಕಣಪ್ಪ, ಎಂಥಾ ಜನಾನೋ!" ಎಂದು ಕ್ಯಾನಿಗೆ ಹಾಲು ಹಾಕಿಸಿಕೊಂಡು ಮನೆಗೆ ಬಂದೆ.

ನನ್ನಿಂದ ವಿಷಯ ಕೇಳಿ, ಮಾರನೆಯ ದಿನ ನಿಂಗಮ್ಮನೇ ಹೋಗಿ, "ನೀನು ಎಂಥಾ ಜನಾನೋ ಅಂದ್ಯಲ್ಲ, ಅದು ನಿನ್ನೆ ಬಂದು ಹಾಲು ತಕ್ಕೊಂಡು ಹೋದೋಳೇಯ" ಎಂದು ಹೇಳಿ, ಗೌರಿಯನ್ನು ಹೊಡೆದುಕೊಂಡು ಬಂದಳು.